ಹಿಂದಿನ ಸಾಲಿನವರ ತಲೆ ಎಲ್ಲಿ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ತಿಂಗಳ ಹಿಂದೆ ತಿಪಟೂರಿನಿಂದ ನಮ್ಮಕ್ಕ ಫೋನ್ ಮಾಡಿದ್ದಳು. ರಾತ್ರಿ ಒಂಬತ್ತೂವರೆ ಆಗಿತ್ತು. ಹಲೋ ಅನ್ನುವುದಕ್ಕೂ ಬಿಡಲಿಲ್ಲ. "ಲೋ, ಈ ಹೊಸ ಪ್ರಿಂಟರ್ ಎಲ್ಲರ ತಲೆ ಕತ್ತರಿಸ್ತಿದೆ ಕಣೋ" ಅಂದಳು.

ಆಗಿದ್ದು ಇಷ್ಟು. ಭಾವನವರ ಅರವತ್ತರ ಶಾಂತಿ ಮುಗಿದು ಹದಿನೈದು ದಿನ ಆಗಿತ್ತು. ಮನೆಮಂದಿಯೆಲ್ಲ ಸೇರಿ ತೆಗೆಸಿಕೊಂಡ ಗ್ರೂಪ್ ಫೋಟೋ ಒಂದಿತ್ತು. ನೆಂಟರಿಗೆಲ್ಲ ಒಂದೊಂದು ಪ್ರತಿ ಕೊಡಬೇಕು ಅಂತ ಅಕ್ಕನ ಆಸೆ. ಪ್ರಿಂಟ್ ತೆಗೆದು ನೋಡಿದರೆ, ಹಿಂದಿನ ಸಾಲಿನಲ್ಲಿ ನಿಂತ ಉದ್ದನೆಯ ಹುಡುಗರಿಗೆ ಹಣೆಯಿಂದ ಮೇಲೆ ಏನೂ ಇಲ್ಲ. ಮುಂದೆ ಜಮಖಾನದ ಮೇಲೆ ಕೂತ ಮಕ್ಕಳಿಗೆ ಕಾಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ಎಲ್ಲರಿಗೂ ತಲೆ ಇದೆ, ಕಾಲೂ ಇದೆ.

"ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದೆ. ಎರಡು ಸಲ. ಆದ್ರೂ ಅಷ್ಟೇ."

ಈ 'ತೆಗೆದು ಮತ್ತೆ ಹಾಕು' ಅನ್ನುವ ಮದ್ದಿನ ಮೇಲೆ ನನಗೆ ಅಷ್ಟಾಗಿ ನಂಬಿಕೆ ಇಲ್ಲ. ನಾನು ಕಂಪ್ಯೂಟರ್ ಓದಿದವನಲ್ಲ, ಬ್ಯಾಂಕಿನ ಕೌಂಟರಿನಲ್ಲಿ ಕೂತು ಪಾಸ್‌ಬುಕ್ ಪ್ರಿಂಟರಿನ ಜೊತೆ ವರ್ಷಗಟ್ಟಲೆ ಗುದ್ದಾಡಿದವನು. ಪ್ರಿಂಟ್ ಕೆಟ್ಟು ಬಂದಾಗ ಬಹಳ ಸಲ ಯಾವ ಯಂತ್ರವೂ ಕೆಟ್ಟಿರುವುದಿಲ್ಲ. ಸಾಫ್ಟ್‌ವೇರ್ ಒಂದು ಲೆಕ್ಕ ಹಾಕಿರುತ್ತದೆ, ಪ್ರಿಂಟರ್ ಇನ್ನೊಂದು ಲೆಕ್ಕ ಹಾಕಿರುತ್ತದೆ. ಒಂದೇ ಅಡುಗೆಗೆ ಅತ್ತೆಯೂ ಉಪ್ಪು ಹಾಕಿ ಸೊಸೆಯೂ ಉಪ್ಪು ಹಾಕಿದ ಹಾಗೆ.

ಅಕ್ಕನ ಫೋಟೋ ಲೆಕ್ಕವನ್ನೇ ನೋಡೋಣ. ಫೋನಿನ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕಕ್ಕೆ ಮೂರರ ಅಳತೆಯಲ್ಲಿ ಚಿತ್ರ ತೆಗೆಯುತ್ತದೆ. ಅಂಗಡಿಯಲ್ಲಿ ಸಿಗುವ ಫೋಟೋ ಪೇಪರ್ 4 ಇಂಚು ಎತ್ತರ, 6 ಇಂಚು ಅಗಲ. ಫೋಟೋವನ್ನು 6 ಇಂಚು ಅಗಲಕ್ಕೆ ಹಿಗ್ಗಿಸಿದರೆ ಅದರ ಎತ್ತರ ನಾಲ್ಕೂವರೆ ಇಂಚು ಆಗುತ್ತದೆ. ಹಾಳೆ ಇರುವುದು ನಾಲ್ಕೇ ಇಂಚು. ಉಳಿದ ಅರ್ಧ ಇಂಚು ಎಲ್ಲಿಗೆ ಹೋಗಬೇಕು? ಮೇಲೆ ಕಾಲು ಇಂಚು, ಕೆಳಗೆ ಕಾಲು ಇಂಚು ಹಾರಿಹೋಯಿತು. ಹುಡುಗರ ತಲೆ, ಮಕ್ಕಳ ಕಾಲು, ಎರಡೂ ಅಲ್ಲೇ ಇದ್ದವು.

ವಿಂಡೋಸ್‌ನಲ್ಲಿ ಫೋಟೋ ಮೇಲೆ ಬಲಗಡೆ ಬಟನ್ ಒತ್ತಿ ಪ್ರಿಂಟ್ ಕೊಟ್ಟರೆ 'ಪ್ರಿಂಟ್ ಪಿಕ್ಚರ್ಸ್' ಅಂತ ಒಂದು ಕಿಟಕಿ ತೆರೆಯುತ್ತದೆ. ವಿಂಡೋಸ್ 11ರಲ್ಲಿ ಅದು ಮೊದಲಿಗೆ ಕಾಣದಿದ್ದರೆ 'ಶೋ ಮೋರ್ ಆಪ್ಷನ್ಸ್' ಒತ್ತಬೇಕು. ಆ ಕಿಟಕಿಯ ಕೆಳಗಡೆ 'ಫಿಟ್ ಪಿಕ್ಚರ್ ಟು ಫ್ರೇಮ್' ಅಂತ ಒಂದು ಸಾಲು. ಅದರ ಮುಂದೆ ಮೊದಲೇ ಟಿಕ್ ಬಿದ್ದಿರುತ್ತದೆ. ಫ್ರೇಮಿಗೆ ಹೊಂದಿಸುತ್ತೇನೆ ಅಂತ ನಯವಾಗಿ ಹೇಳಿ ಕತ್ತರಿ ಆಡಿಸುವುದು ಇದೇ. ಅಕ್ಕನಿಗೆ ಆ ಟಿಕ್ ತೆಗೆಯಲು ಹೇಳಿದೆ. ಎಲ್ಲರ ತಲೆಯೂ ವಾಪಸ್ ಬಂತು. ಎರಡೂ ಪಕ್ಕದಲ್ಲಿ ಸುಮಾರು ಮೂರನೇ ಒಂದು ಇಂಚಿನಷ್ಟು ಬಿಳಿ ಪಟ್ಟಿ ಉಳಿಯಿತು, ಅಷ್ಟೇ. ಅದನ್ನು ಕತ್ತರಿಯಿಂದ ಕತ್ತರಿಸಿಕೊಳ್ಳಬಹುದು.

"ಅಷ್ಟೇನಾ? ಇದಕ್ಕೆ ನಾನು ಹನ್ನೊಂದು ಹಾಳೆ ಹಾಳು ಮಾಡಿದ್ನಲ್ಲೋ!"

ಇದೇ ತೊಂದರೆ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಪ್ರಿಂಟರಿನ ಸೆಟ್ಟಿಂಗಿನಲ್ಲಿ 'ಬಾರ್ಡರ್‌ಲೆಸ್' ಇಟ್ಟರೆ, ಅಂಚಿನಲ್ಲಿ ಬಿಳಿ ಉಳಿಯದಿರಲಿ ಅಂತ ಪ್ರಿಂಟರ್ ಚಿತ್ರವನ್ನು ಹಾಳೆಗಿಂತ ಒಂಚೂರು ದೊಡ್ಡದು ಮಾಡುತ್ತದೆ. ಸುತ್ತಲೂ ಒಂದಿಷ್ಟು ಮಿಲಿಮೀಟರ್ ಹೋಗುತ್ತದೆ. ಆದ್ದರಿಂದ ಗ್ರೂಪ್ ಫೋಟೋ ತೆಗೆಯುವವರು ತಲೆಗಳ ಮೇಲೆ ಸ್ವಲ್ಪ ಆಕಾಶ ಬಿಡಿ.

ಇನ್ನು ಇನ್‌ಸ್ಟಾಲ್ ಮಾಡುವ ವಿಷಯ. ಅಕ್ಕನ ಮಗ ಬೆಂಗಳೂರಿನಿಂದ ಬಂದಿದ್ದಾಗ ಪ್ರಿಂಟರ್ ಕೂರಿಸಿ ಹೋಗಿದ್ದ. ಹುಡುಗ ಅವಸರದವನು. ಡಬ್ಬಿ ಬಿಚ್ಚಿದವನೇ ಯುಎಸ್‌ಬಿ ಕೇಬಲ್ ಚುಚ್ಚಿದ್ದಾನೆ. ಹಾಗೆ ಮಾಡಿದಾಗ ವಿಂಡೋಸ್ ತನ್ನ ಹತ್ತಿರ ಇರುವ ಒಂದು ಸಾಧಾರಣ ಡ್ರೈವರ್ ಹಾಕಿಕೊಂಡುಬಿಡಬಹುದು. ಡ್ರೈವರ್ ಅಂದರೆ ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಮಾತು ಮುಟ್ಟಿಸುವ ದುಭಾಷಿ. ಈ ಸಾಧಾರಣ ದುಭಾಷಿಗೆ ನಾಲ್ಕು ಮಾತು ಮಾತ್ರ ಗೊತ್ತು. ಕಾಗದ ಪತ್ರ ಚೆನ್ನಾಗಿಯೇ ಪ್ರಿಂಟ್ ಆಗುತ್ತದೆ. ಫೋಟೋಗೆ ಬಂದಾಗ ತಾನೇ ಗೊತ್ತಾಗುವುದು, 'ಪೇಪರ್ ಟೈಪ್' ಅನ್ನುವಲ್ಲಿ ಗ್ಲಾಸಿ, ಅಂದರೆ ಹೊಳಪಿನ ಪೇಪರಿನ ಹೆಸರೇ ಇಲ್ಲ.

ಅದಿಲ್ಲದಿದ್ದರೆ ಏನಾಗುತ್ತದೆ ಅಂತೀರಾ? ಪ್ರಿಂಟರ್ ಇದು ಮಾಮೂಲಿ ಹಾಳೆ, ಇಂಕು ಹೀರಿಕೊಳ್ಳುತ್ತದೆ ಅಂದುಕೊಂಡು ಅದಕ್ಕೆ ತಕ್ಕ ಹಾಗೆ ಇಂಕು ಬಿಡುತ್ತದೆ. ಫೋಟೋ ಪೇಪರಿನ ನುಣುಪಿನ ಮೇಲೆ ಅದು ಸರಿಯಾಗಿ ಕೂರುವುದಿಲ್ಲ. ಕರೀ ಭಾಗದಲ್ಲಿ ಇಂಕು ಹಸಿಹಸಿಯಾಗಿ ನಿಲ್ಲುತ್ತದೆ. ಬೆರಳು ತಾಗಿದರೆ ಭಾವನವರ ಮೀಸೆ ಕೆನ್ನೆಗೆ ಬರುತ್ತದೆ. ಹಾಳೆ ತಿರುಗಾಮುರುಗಾ ಇಟ್ಟರೂ ಇದೇ ಗತಿ. ಯಾವ ಕಡೆ ಸರಿ ಅಂತ ಅನುಮಾನ ಬಂದರೆ ಬೆರಳ ತುದಿ ಒದ್ದೆ ಮಾಡಿ ಮೂಲೆಯಲ್ಲಿ ಮುಟ್ಟಿ ನೋಡಿ. ಸ್ವಲ್ಪ ಅಂಟಿದ ಹಾಗೆ ಆಗುವ ಕಡೆಯೇ ಇಂಕು ಬೀಳಬೇಕಾದ ಕಡೆ.

ಈ ಸಾಧಾರಣ ಡ್ರೈವರನ್ನು ಮಾತ್ರ ತೆಗೆದು ಮತ್ತೆ ಹಾಕಲೇಬೇಕು. ಕೇಬಲ್ ಕಳಚಿ. ಸೆಟ್ಟಿಂಗ್ಸ್‌ನ ಪ್ರಿಂಟರ್ ಪಟ್ಟಿಯಿಂದ ಆ ಪ್ರಿಂಟರನ್ನು ತೆಗೆದುಹಾಕಿ. ಪ್ರಿಂಟರ್ ಕಂಪನಿಯ ಸ್ವಂತ ಜಾಲತಾಣದಿಂದ ನಿಮ್ಮ ಮಾಡೆಲ್ ನಂಬರಿನ ಡ್ರೈವರ್ ಇಳಿಸಿಕೊಂಡು ಓಡಿಸಿ. ಅದು 'ಈಗ ಕೇಬಲ್ ಹಾಕಿ' ಅಂತ ಕೇಳಿದಾಗ ಮಾತ್ರ ಹಾಕಿ. ಮೊದಲ ಸಲ ಚುಚ್ಚಿದ ಕಿಂಡಿಗೇ ಮುಂದೆಯೂ ಚುಚ್ಚಿ. ಕಿಂಡಿ ಬದಲಿಸಿದರೆ ಕೆಲವು ಸಲ ಅದೇ ಪ್ರಿಂಟರ್ 'ಕಾಪಿ 1' ಅಂತ ಇನ್ನೊಂದು ಹೆಸರಿನಲ್ಲಿ ಹುಟ್ಟಿಕೊಳ್ಳುತ್ತದೆ. ಹಳೆಯ ಹೆಸರು ಆಫ್‌ಲೈನ್ ಅಂತ ಮುಖ ಊದಿಸಿಕೊಂಡು ಕೂರುತ್ತದೆ.

ಡ್ರೈವರ್ ಹುಡುಕುವಾಗ ಹುಷಾರು. ಹುಡುಕಿದ ತಕ್ಷಣ ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ಜಾಹೀರಾತು. ಅಕ್ಕ ಅಲ್ಲಿ ಕಂಡ ಒಂದು ನಂಬರಿಗೆ ಫೋನ್ ಮಾಡಿದ್ದಳು. ಆ ಕಡೆಯವನು ಬಹಳ ಮರ್ಯಾದೆಯಿಂದ "ಮೇಡಂ, ನಿಮ್ಮ ಕಂಪ್ಯೂಟರ್ ನಾನೇ ಇಲ್ಲಿಂದ ನೋಡ್ತೀನಿ, ಒಂದು ಆಪ್ ಹಾಕ್ಕೊಳ್ಳಿ" ಅಂದನಂತೆ. ಆ ಹೊತ್ತಿಗೆ ಕರೆಂಟ್ ಹೋಯಿತು. ಕರೆಂಟ್ ಹೋಗಿದ್ದಕ್ಕೆ ನಾನು ಸಂತೋಷಪಟ್ಟಿದ್ದು ಅದೇ ಮೊದಲು. ನಿಮ್ಮಲ್ಲಿ ಯಾರಿಗಾದರೂ ಹೀಗೆ ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಯ ದೂರು ಕೊಡುವುದಕ್ಕೆ ಇರುವ ಸರ್ಕಾರದ ನಂಬರ್ ಅದು.

ಫೋಟೋ ಸಾಫ್ಟ್‌ವೇರ್ ಯಾವುದು ಒಳ್ಳೆಯದು ಅಂತ ಕೇಳುತ್ತೀರಿ. ಎಷ್ಟೋ ಮನೆಗಳಲ್ಲಿ ಇನ್ನೂ ಪಿಕಾಸಾ ಇದೆ. 2004ರಲ್ಲಿ ಗೂಗಲ್ ಅದನ್ನು ಕೊಂಡಿತು, 2016ರಲ್ಲಿ ಕೈಬಿಟ್ಟಿತು. ಇರುವವರ ಮನೆಯಲ್ಲಿ ಅದು ಓಡುತ್ತಿದ್ದರೆ ಓಡಲಿ. ಈಗ ಹೊಸದಾಗಿ ಎಲ್ಲೆಲ್ಲಿಂದಲೋ ಹುಡುಕಿ ತರಬೇಡಿ. ಚಿಕ್ಕದು, ಹಗುರ ಬೇಕು ಅಂದರೆ ಇರ್ಫಾನ್‌ವ್ಯೂ ಇದೆ. ಮನೆ ಬಳಕೆಗೆ ದುಡ್ಡಿಲ್ಲ. ನನ್ನ ಕಂಪ್ಯೂಟರಿನಲ್ಲಿ ಇರುವುದೂ ಅದೇ.

ಹಾಕುವಾಗ ಒಂದು ಫೈಲ್ ಇಲ್ಲ, ಹೆಸರು 'ವಿಸಿ ರನ್‌ಟೈಮ್ 140' ಅಂತ ಬಂದರೆ ಗಾಬರಿ ಬೇಡ. ಮೈಕ್ರೋಸಾಫ್ಟ್ ಜಾಲತಾಣದಲ್ಲೇ ವಿಷುಯಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಅನ್ನುವುದು ಪುಕ್ಕಟೆ ಸಿಗುತ್ತದೆ. ಹೆಸರು ಉದ್ದ, ಕೆಲಸ ಎರಡು ನಿಮಿಷದ್ದು. ಐಫೋನಿನ ಫೋಟೋ ತೆರೆಯುತ್ತಿಲ್ಲವೇ? 2017ರಿಂದ ಐಫೋನು ಎಚ್‌ಇಐಸಿ ಅನ್ನುವ ಬೇರೆ ನಮೂನೆಯಲ್ಲಿ ಚಿತ್ರ ಉಳಿಸುತ್ತದೆ. ಹಳೆಯ ಸಾಫ್ಟ್‌ವೇರಿಗೆ ಅದರ ಗುರುತೇ ಇಲ್ಲ. ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫಾರ್ಮ್ಯಾಟ್ಸ್‌ಗೆ ಹೋಗಿ 'ಮೋಸ್ಟ್ ಕಂಪ್ಯಾಟಿಬಲ್' ಮಾಡಿದರೆ ಮುಂದಿನ ಫೋಟೋಗಳು ಜೆಪೆಗ್ ಅನ್ನುವ ಮಾಮೂಲಿ ನಮೂನೆಯಲ್ಲಿ ಬರುತ್ತವೆ.

ನಮ್ಮವರಿಗೆ ಮಾತ್ರ ಬರುವ ಒಂದು ತೊಂದರೆ ಇದೆ. ಫೈಲಿಗೆ ಚಂದವಾಗಿ ಕನ್ನಡದಲ್ಲಿ 'ಗೃಹಪ್ರವೇಶ' ಅಂತ ಹೆಸರಿಡುತ್ತೇವೆ. ಕೆಲವು ಹಳೆಯ ಸಾಫ್ಟ್‌ವೇರುಗಳಿಗೆ ಅದು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಯಾಗಿ ಕಾಣುತ್ತದೆ, ಫೈಲ್ ಸಿಗಲಿಲ್ಲ ಅನ್ನುತ್ತವೆ. ಸುಮ್ನೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಹೆಸರು ಕೊಟ್ಟು ನೋಡಿ.

ಇನ್ನೊಂದು ಇದಕ್ಕಿಂತ ಕಷ್ಟದ್ದು, ಫೋಟೋ ಕೆಳಗೆ ಹೆಸರು ಬರೆಯುವುದು. ಹೋದ ವರ್ಷ ನಮ್ಮ ಬೀದಿಯ ಹಿರಿಯರೊಬ್ಬರ ಶ್ರದ್ಧಾಂಜಲಿಗೆ ಫೋಟೋ ಮಾಡಿಕೊಟ್ಟೆ. ಹೆಸರಿನ ಕೊನೆಯಲ್ಲಿ ಮೂರ್ತಿ ಅಂತ ಇತ್ತು. ಪ್ರಿಂಟಿನಲ್ಲಿ ಅರ್ಕಾವೊತ್ತು ಮಾಯ. ಮೂ, ಆಮೇಲೆ ಪೂರ್ತಿ 'ರ್', ಆಮೇಲೆ 'ತಿ', ಬಿಡಿಬಿಡಿಯಾಗಿ ನಿಂತಿದ್ದವು. ಶ್ರೀ ಅನ್ನುವುದೂ ಮುರಿದು ಬಿದ್ದಿತ್ತು. ಕನ್ನಡದಲ್ಲಿ ಅಕ್ಷರಗಳು ಒಂದರ ಜೊತೆ ಒಂದು ಕೂಡಿ ರೂಪ ಬದಲಿಸುತ್ತವೆ, ಅಲ್ವಾ? ಆ ಕೂಡಿಸುವ ಕೆಲಸ ಗೊತ್ತಿಲ್ಲದ ಸಾಫ್ಟ್‌ವೇರ್ ಒತ್ತಕ್ಷರವನ್ನು ಹೀಗೆ ಬಿಡಿಸಿಡುತ್ತದೆ. ಎಷ್ಟು ಫಾಂಟ್ ಬದಲಿಸಿದರೂ ಅದು ಕಲಿಯುವುದಿಲ್ಲ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ಬೇರೆ ಪಜೀತಿ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ನಾನು ಕೊನೆಗೆ ಫೋಟೋ ಸಾಫ್ಟ್‌ವೇರ್ ಬಿಟ್ಟು, ಕಾಗದ ಪತ್ರ ಟೈಪ್ ಮಾಡುವ ಲಿಬ್ರೆಆಫೀಸ್ ತೆರೆದೆ. ಅಲ್ಲೇ ಫೋಟೋ ಇಟ್ಟೆ, ಕೆಳಗೆ ಎಲ್ಲ ಕಂಪ್ಯೂಟರಿಗೂ ಒಂದೇ ಆಗಿರುವ ಯೂನಿಕೋಡ್ ಅಕ್ಷರದಲ್ಲಿ ಹೆಸರು ಟೈಪ್ ಮಾಡಿದೆ, ಪಿಡಿಎಫ್ ಮಾಡಿ ಪ್ರಿಂಟ್ ಕೊಟ್ಟೆ. ಅರ್ಕಾವೊತ್ತು ತನ್ನ ಜಾಗಕ್ಕೆ ಬಂತು. ಸತ್ತವರ ಹೆಸರು ತಪ್ಪಾಗಿ ಗೋಡೆ ಮೇಲೆ ತೂಗುವುದು ನೋಡಲಾಗುವುದಿಲ್ಲ.

ಸರಿ, ಅಕ್ಕನ ಕಥೆಗೆ ಬರೋಣ. ತಲೆ ಬಂತು. ಮಾರನೆಯ ದಿನ ಮತ್ತೆ ಫೋನು. "ಎಲ್ಲರೂ ಬಿಸಿಲಲ್ಲಿ ಸುಟ್ಟ ಹಾಗಿದ್ದಾರೆ. ನಿಮ್ಮ ಭಾವನ ಪಂಚೆ ರೋಸ್ ಬಣ್ಣಕ್ಕೆ ತಿರುಗಿದೆ."

ಬಣ್ಣ ಕೆಟ್ಟರೆ ಮೊದಲು 'ನಾಝಲ್ ಚೆಕ್' ಅಂತ ಒಂದು ಹಾಳೆ ತೆಗೆಯಬೇಕು. ಒಂದೊಂದು ಬಣ್ಣದಲ್ಲೂ ಸಣ್ಣ ಗೆರೆಗಳು ಬರುತ್ತವೆ. ನೀಲಿ ಗೆರೆಗಳು ಅಲ್ಲಲ್ಲಿ ತುಂಡಾಗಿದ್ದರೆ ನೀಲಿ ಇಂಕಿನ ತೂತು ಕಟ್ಟಿದೆ ಅಂತ ಅರ್ಥ. ಕೂದಲಿಗಿಂತ ಸಣ್ಣ ತೂತುಗಳು ಅವು. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಬಿಸಿ ಬೆಸುಗೆ ಕಡ್ಡಿ ಇಂಕು ತುಂಬಿದ ಇಂಜೆಕ್ಷನ್ ಸೂಜಿಗೆ ಅಕಸ್ಮಾತ್ ತಾಗಿ, ತುದಿಯಿಂದ ಇಂಕು ಚಿಮ್ಮಿತಂತೆ. ಅವರ ಇಂಕ್‌ಜೆಟ್ ಹುಟ್ಟಿದ್ದು ಅಲ್ಲಿಂದ. ಹಾಗೆ ಚಿಮ್ಮುವ ಬಾಯಿಯೇ ಒಣಗಿದರೆ ಬಣ್ಣ ಎಲ್ಲಿಂದ ಬರಬೇಕು? ಆಗ 'ಹೆಡ್ ಕ್ಲೀನಿಂಗ್' ಕೊಡಿ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆಮೇಲೆ ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ನೋಡಿ. ಪ್ರತಿ ಕ್ಲೀನಿಂಗಿಗೂ ಇಂಕು ಖರ್ಚು, ಆ ಇಂಕು ಹೀರಿಕೊಳ್ಳಲು ಒಳಗಿರುವ ವೇಸ್ಟ್ ಪ್ಯಾಡ್ ತುಂಬುತ್ತಾ ಹೋಗುತ್ತದೆ.

ಅಕ್ಕನ ಹಾಳೆಯಲ್ಲಿ ಗೆರೆಗಳು ಒಂದೂ ತುಂಡಾಗಿರಲಿಲ್ಲ. ಅಂದರೆ ತಪ್ಪು ಪ್ರಿಂಟರಿನದಲ್ಲ. ಮತ್ತದೇ ಅತ್ತೆ ಸೊಸೆ ಉಪ್ಪು. ಮಗ ಹಾಕಿಕೊಟ್ಟಿದ್ದ ಫೋಟೋ ಸಾಫ್ಟ್‌ವೇರ್ ಹಾಳೆಗೆ ಹೊಂದುವ ಹಾಗೆ ಬಣ್ಣ ತಿದ್ದುತ್ತಿತ್ತು. ಪ್ರಿಂಟರಿನ ಡ್ರೈವರ್ ಅದನ್ನು ಇನ್ನೊಮ್ಮೆ ತಿದ್ದುತ್ತಿತ್ತು. ಕೆಂಪು ಜಾಸ್ತಿ ಆಯಿತು. ಸಾಫ್ಟ್‌ವೇರಿನ ಪ್ರಿಂಟ್ ಕಿಟಕಿಯಲ್ಲಿ 'ಪ್ರಿಂಟರ್ ಮ್ಯಾನೇಜಸ್ ಕಲರ್ಸ್' ಆಯ್ಕೆ ಮಾಡಿಸಿದೆ. ಮನೆ ಕೆಲಸಕ್ಕೆ ಅಷ್ಟು ಸಾಕು. ಪಂಚೆ ಕೆನೆ ಬಣ್ಣಕ್ಕೆ ಬಂತು. ಪರದೆಯಲ್ಲಿ ಕಂಡಷ್ಟು ಬೆಳಕಾಗಿಲ್ಲ ಅಂತ ಅವಳ ಗೊಣಗಾಟ ಇತ್ತು. ಪರದೆ ತಾನೇ ಬೆಳಕು ಬಿಡುತ್ತದೆ, ಹಾಳೆಗೆ ಬೆಳಕು ಬೇರೆಲ್ಲಿಂದಲೋ ಬೀಳಬೇಕು. ಕಿಟಕಿ ಹತ್ತಿರ ಹಿಡಿದು ನೋಡು ಅಂದೆ.

ಇಷ್ಟರಲ್ಲಿ ಅವಳು ಪ್ರಿಂಟ್ ಬಟನ್ನನ್ನು ಆರು ಸಲ ಒತ್ತಿದ್ದಳು. ಎಲ್ಲವೂ ಸಾಲಿನಲ್ಲಿ ಸಿಕ್ಕಿಕೊಂಡು ಅಳಿಸಿದರೂ ಹೋಗುತ್ತಿಲ್ಲ. ನಿಮಗೂ ಹೀಗಾದರೆ ಬರೆದುಕೊಳ್ಳಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, 'ಸರ್ವಿಸಸ್ ಡಾಟ್ ಎಂಎಸ್‌ಸಿ' ಅಂತ ಟೈಪ್ ಮಾಡಿ. ಪಟ್ಟಿಯಲ್ಲಿ 'ಪ್ರಿಂಟ್ ಸ್ಪೂಲರ್' ಹುಡುಕಿ ನಿಲ್ಲಿಸಿ, ಪ್ರಿಂಟುಗಳನ್ನು ಸಾಲಿನಲ್ಲಿ ನಿಲ್ಲಿಸುವುದು ಅದೇ. ಸಿ ಡ್ರೈವಿನ ವಿಂಡೋಸ್, ಅದರೊಳಗೆ ಸಿಸ್ಟಂ 32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್. ಆ ಫೋಲ್ಡರಿನ ಒಳಗಿರುವುದನ್ನು ಮಾತ್ರ ಅಳಿಸಿ, ಫೋಲ್ಡರ್ ಅಲ್ಲೇ ಇರಲಿ. ಮತ್ತೆ ಸ್ಪೂಲರ್ ಶುರು ಮಾಡಿ. ಪ್ರಿಂಟ್ ಕೊಟ್ಟರೆ ಫೈಲಿನ ಹೆಸರು ಕೇಳುತ್ತಿದೆ, ಹಾಳೆ ಬರುತ್ತಿಲ್ಲ ಅಂದರೆ ಮೇಲೆ ಪ್ರಿಂಟರಿನ ಹೆಸರು ನೋಡಿ. 'ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್' ಅಂತ ಇರುತ್ತದೆ. ಅದು ಹಾಳೆಯ ಬದಲು ಫೈಲ್ ಮಾಡುತ್ತದೆ, ನಿಮ್ಮ ಪ್ರಿಂಟರಿನ ಹೆಸರು ಆರಿಸಿ.

ಪಾಸ್‌ಪೋರ್ಟ್ ಅಳತೆಯ ಫೋಟೋ ಮನೆಯಲ್ಲೇ ತೆಗೆಯುವವರಿಗೆ ಒಂದೇ ಮಾತು. ಅಳತೆ 35 ಮಿಲಿಮೀಟರ್ ಅಗಲ, 45 ಎತ್ತರ ಅಂತ ಕೇಳಿದ್ದರೆ, 4 ಇಂಚು 6 ಇಂಚಿನ ಹಾಳೆಯಲ್ಲಿ ಎಂಟು ಹಿಡಿಸುತ್ತವೆ. ಪ್ರಿಂಟ್ ಆದ ಮೇಲೆ ಸ್ಕೇಲು ಇಟ್ಟು ಅಳೆಯಿರಿ. 'ಫಿಟ್ ಟು ಪೇಜ್' ಎಲ್ಲೋ ಒಂದು ಕಡೆ ಉಳಿದುಕೊಂಡಿದ್ದರೆ ಅಳತೆ ತಪ್ಪಿರುತ್ತದೆ. ಇನ್ನೂರು ಮುನ್ನೂರು ಫೋಟೋಗಳ ಆಲ್ಬಮ್ ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಸ್ಟುಡಿಯೋದವರಿಗೆ ಕೊಡಿ.

ಅಕ್ಕ ಇಪ್ಪತ್ತೆರಡು ಪ್ರತಿ ತೆಗೆದು ಹಂಚಿದಳು. ಇಂಕು ಒಣಗದಿರಲಿ, ವಾರಕ್ಕೊಂದು ಬಣ್ಣದ ಹಾಳೆ ತೆಗೆಯುತ್ತಿರು ಅಂತ ಹೇಳಿದ್ದೆ. ಈಗ ಪ್ರತಿ ಭಾನುವಾರ ಆ ವಾರದ ಒಳ್ಳೆಯ ರಂಗೋಲಿಯ ಫೋಟೋ ಒಂದನ್ನು ಪ್ರಿಂಟ್ ತೆಗೆದು ಅಡುಗೆಮನೆ ಬಾಗಿಲಿಗೆ ಅಂಟಿಸುತ್ತಾಳೆ. ಹೋದ ವಾರ ಹೋಗಿದ್ದಾಗ ಎಣಿಸಿದೆ. ಒಂಬತ್ತು ಆಗಿದ್ದವು, ಎಲ್ಲದಕ್ಕೂ ನಾಲ್ಕೂ ಮೂಲೆ ಸರಿಯಾಗಿತ್ತು.

ನಮಸ್ಕಾರ.