ಬೆಕ್ಕು ಏಕಾಏಕಿ ಕಚ್ಚೋದಿಲ್ಲ

ಮಂಡ್ಯ ಸೀಮೆಯ ಒಂದು ಹೆಂಚಿನ ಮನೆ. ಜಗುಲಿ ಮೇಲೆ ಎಳೆ ಬಿಸಿಲು. ಕಂಬಕ್ಕೆ ಒರಗಿ ಅಜ್ಜಿ ಕೂತಿದ್ದಾರೆ, ಪಕ್ಕದಲ್ಲಿ ಬೂದು ಪಟ್ಟೆಯ ಕೊತ್ತಿ. ಅಜ್ಜಿ ಅದರ ಬೆನ್ನು ಸವರ್ತಾ ಇದ್ದಾರೆ. ಈಗ ನೋಡಿ... ಕಚ್ಚೇಬಿಡ್ತು. "ಅಯ್ ಮುಂಡೇದೆ, ಸುಮ್ಕೆ ಕುಂತಿತ್ತು, ಇದ್ದಕ್ಕಿದ್ದಂಗೆ ಕಚ್ತಲ್ಲ!"

ಬೆಕ್ಕು ಸಾಕಿದ ಮನೆಗಳಲ್ಲೆಲ್ಲ ಕೇಳಿಬರೋ ಮಾತು ಇದು. ಆದರೆ ಇಲ್ಲಿ ಇದ್ದಕ್ಕಿದ್ದಂಗೆ ಆದದ್ದು ಏನೂ ಇಲ್ಲ. ಅದೇ ದೃಶ್ಯವನ್ನ ನಿಧಾನವಾಗಿ ಮತ್ತೆ ಹಾಕ್ತೀವಿ, ಬಾಲದ ತುದಿ ಮೇಲೆ ಕಣ್ಣಿಡಿ. ಮೊದಲು ಬಾಲ ನೆಲದ ಮೇಲೆ ಸುಮ್ಮನೆ ಬಿದ್ದಿದೆ. ಅಜ್ಜಿಯ ಕೈ ಸೊಂಟ ದಾಟಿ ಬಾಲದ ಬುಡಕ್ಕೆ ಬಂತು. ತುದಿ ಒಂದಂಗುಲ ಮಿಡುಕಿತು. ಎರಡನೇ ಸಲ ಸವರಿದಾಗ ಬೆನ್ನಿನ ಚರ್ಮ ಅಲೆ ಎದ್ದಂಗೆ ಅದುರಿತು. ನೊಣ ಕೂತಾಗ ಹಸು ಮೈ ನಡುಗಿಸುತ್ತಲ್ಲ, ಹಾಗೆ. ಮೂರನೇ ಸಲಕ್ಕೆ ಕಿವಿ ಪಕ್ಕಕ್ಕೆ ತಿರುಗಿ ಚಪ್ಪಟೆಯಾಯ್ತು, ಗುರುಗುರು ಸದ್ದು ನಿಂತಿತು. ನಾಲ್ಕನೇ ಸಲ ತಲೆ ತಿರುಗಿಸಿ ಕೈಯನ್ನೇ ನೋಡಿತು. ಐದನೇ ಸಲ ಹಲ್ಲು. ನಾಲ್ಕು ಸಲ ಬೇಡ ಅಂದರೂ ಕೇಳಲಿಲ್ಲ ಅಂತ ಕಚ್ಚಿದೆ, ಅಷ್ಟೇ. ಇಂಥ ಬೆಕ್ಕಿಗೆ ಹೊಡೆದರೆ ಮುಂದಿನ ಸಲ ಆ ನಾಲ್ಕು ಸೂಚನೆಯನ್ನೂ ಬಿಟ್ಟು ನೇರ ಹಲ್ಲಿಗೇ ಬರೋದು ಕಲಿಯುತ್ತೆ.

ಅಂದಹಾಗೆ, ಗಾಯಕ್ಕೆ ಅರಿಸಿನ ಮೆತ್ತಿ ಸುಮ್ಮನಾಗೋ ಹಾಗಿಲ್ಲ. ಬೆಕ್ಕಿನ ಹಲ್ಲು ಸೂಜಿ ಇದ್ದಂಗೆ. ಮೇಲೆ ಕಾಣೋದು ಚುಕ್ಕೆಯಷ್ಟು, ಕೀವು ಕಟ್ಟೋದು ಒಳಗೆ. ಹರಿಯೋ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಬೆಕ್ಕಿನಿಂದಲೂ ಬರುತ್ತೆ.

ಹಾಗಾದರೆ ಎಲ್ಲಿ ಸವರಬೇಕು? ಕೆನ್ನೆ, ಗಲ್ಲದ ಕೆಳಗೆ, ಕಣ್ಣಿಗೂ ಕಿವಿಗೂ ನಡುವಿನ ಕೂದಲು ತೆಳುವಾದ ಜಾಗ. ಗೋಡೆ ಮೂಲೆಗೆ, ನಮ್ಮ ಕಾಲಿಗೆ ಬೆಕ್ಕು ಉಜ್ಜಿ ತನ್ನ ವಾಸನೆ ಹಚ್ಚೋದು ಈ ಜಾಗಗಳಿಂದಲೇ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಬೇರೆ ಬೇರೆ ಜಾಗ ಮುಟ್ಟಿ ನೋಡಿದಾಗ, ಬೆಕ್ಕುಗಳು ಹೆಚ್ಚು ಕಿರಿಕಿರಿ ತೋರಿಸಿದ್ದು ಬಾಲದ ಬುಡ ಮುಟ್ಟಿದಾಗ. ಕ್ರಮ ಹೀಗೆ: ಮೇಲಿಂದ ಕೈ ತರಬೇಡಿ. ಕುಕ್ಕರಗಾಲಲ್ಲಿ ಕೂತು, ಒಂದು ಬೆರಳನ್ನ ಬೆಕ್ಕಿನ ಮೂಗಿನ ಮಟ್ಟಕ್ಕೆ ಚಾಚಿ, ಸ್ವಲ್ಪ ದೂರದಲ್ಲೇ ನಿಲ್ಲಿಸಿ. ಅದಾಗೇ ಬಂದು ಮೂಸಿ ಕೆನ್ನೆ ಉಜ್ಜಿದರೆ ಒಪ್ಪಿಗೆ. ಮೂರು ಸೆಕೆಂಡ್ ಸವರಿ, ಕೈ ತೆಗೆದುಬಿಡಿ. ಮತ್ತೆ ತಲೆ ತಂದು ಒತ್ತಿದರೆ ಮುಂದುವರಿಸಿ. ಸುಮ್ಮನೆ ಕೂತಿದ್ದರೆ ಅಲ್ಲಿಗೆ ಸಾಕು. ಮಕ್ಕಳಿಗೆ ಇದೊಂದು ಕಲಿಸಿದರೆ ಮನೆಯಲ್ಲಿ ಅರ್ಧ ಪರಚೋದು ಕಮ್ಮಿಯಾಗುತ್ತೆ.

ಹೊಟ್ಟೆ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಬಿಸಿಲಲ್ಲಿ ಅಂಗಾತ ಬಿದ್ದು ಹೊಟ್ಟೆ ತೋರಿಸಿದರೆ 'ನಿನ್ನ ಮುಂದೆ ನನಗೆ ಭಯ ಇಲ್ಲ' ಅಂತ ಅರ್ಥ. ಮುಟ್ಟು ಅಂತಲ್ಲ. ಕೈ ಹಾಕಿದಿರೋ, ಮುಂಗಾಲಲ್ಲಿ ಹಿಡಿದು ಹಿಂಗಾಲಲ್ಲಿ ಒದೆಯುತ್ತೆ.

ಇನ್ನು ಬಾಲ. ನಾಯಿ ಸಾಕಿ ಅಭ್ಯಾಸ ಇದ್ದವರು ಇಲ್ಲಿ ತಪ್ಪು ಓದ್ತಾರೆ. ನಾಯಿ ಬಾಲ ಆಡಿಸೋದು ಸಾಮಾನ್ಯವಾಗಿ ಖುಷಿಗೆ. ಬೆಕ್ಕು ಬಾಲವನ್ನ ಪಟಪಟ ನೆಲಕ್ಕೆ ಬಡಿದರೆ ತಾಳ್ಮೆ ಮುಗೀತಾ ಬಂತು ಅಂತ. ನೆಟ್ಟಗೆ ನಿಂತು ತುದಿ ಕೊಕ್ಕೆಯಂತೆ ಬಾಗಿದ ಬಾಲ ಸ್ನೇಹದ್ದು. ಸೀಸೆ ತೊಳೆಯೋ ಬ್ರಷ್‌ನಂತೆ ಊದಿದರೆ ಹೆದರಿಕೆ. ಬೆಕ್ಕು ಅಡ್ಡ ಬಂತು ಅಂತ ದಾರಿಯಲ್ಲಿ ನಿಲ್ಲೋರು ಹೇಗೂ ನಿಂತಿರ್ತೀರಿ, ಅದರ ಬಾಲ ನೋಡಿ. ಮೈ ನೆಲಕ್ಕೆ ಅಂಟಿಸಿ, ಬಾಲ ಇಳಿಸಿ ಓಡ್ತಿದ್ದರೆ ಅಪಶಕುನ ಆಗಿರೋದು ಅದಕ್ಕೇ.

ಒಂದು ಭಂಗಿ ಮಾತ್ರ ಗೊಂದಲದ್ದು. ಬಾಲ ನೆಟ್ಟಗೆ ಎತ್ತಿ ಗಡಗಡ ನಡುಗಿಸೋದು. ನಿಮ್ಮ ಕಡೆ ಮುಖ ಮಾಡಿ ನಡುಗಿಸಿದರೆ ಸಂಭ್ರಮ. ಗೋಡೆಗೆ, ಬೀರುವಿಗೆ ಬೆನ್ನು ಕೊಟ್ಟು, ಹಿಂಗಾಲು ತುಳೀತಾ ನಡುಗಿಸಿದರೆ ಮೂತ್ರ ಸಿಂಪಡಿಸ್ತಿದೆ, ಗಡಿ ಗುರುತು ಹಾಕ್ತಿದೆ. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಬಹುಪಾಲು ಗಂಡುಗಳಲ್ಲಿ ಇದು ನಿಲ್ಲುತ್ತೆ ಇಲ್ಲ ಕಮ್ಮಿಯಾಗುತ್ತೆ. ಆ ಜಾಗಕ್ಕೆ ಫಿನಾಯಿಲ್ ಸುರಿಯಬೇಡಿ. ಅದರಲ್ಲಿರೋ ಫಿನಾಲ್ ಅಂಶ ಅರಗಿಸೋ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಸಾಲದು. ಒದ್ದೆ ನೆಲ ತುಳಿದು ಪಾದ ನೆಕ್ಕಿದರೆ ವಿಷ.

ಕಣ್ಣಿಗೆ ಬರೋಣ. 'ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂಗೆ' ಅಂತ ಅದರ ಮೇಲೆ ಕಳ್ಳತನ ಹೊರಿಸ್ತೀವಿ. ಪಾಪ, ಅರೆಗಣ್ಣು ಮಾಡಿದೆ ಅಂದರೆ ಅದು ನೆಮ್ಮದಿಯಾಗಿದೆ. ನಿಮ್ಮನ್ನ ನೋಡ್ತಾ ನಿಧಾನವಾಗಿ ರೆಪ್ಪೆ ಇಳಿಸಿ ತೆರೆದರೆ, ನೀವೂ ಹಾಗೇ ಮಾಡಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ರೆಪ್ಪೆ ಇಳಿಸಿದವರಿಗೆ ಬೆಕ್ಕುಗಳು ಉತ್ತರ ಕೊಟ್ಟವು. ಅಪರಿಚಿತರ ಹತ್ತಿರವೂ ಹೆಚ್ಚು ಬಂದವು. ಪಾಪೆ ಅಗಲವಾಗಿದ್ದರೆ ಹೆದರಿಕೆ ಅಂತಾರಲ್ಲ, ಅದು ಬೆಳಕಲ್ಲಿ ಮಾತ್ರ ನಿಜ. ಕತ್ತಲ ನಡುಮನೆಯಲ್ಲಿ ಎಲ್ಲ ಬೆಕ್ಕಿನ ಪಾಪೆಯೂ ಅಗಲವೇ.

ಗುರುಗುರು ಸದ್ದನ್ನ ಮಾತ್ರ ನಂಬಿ ಕೂರಬೇಡಿ. ಮರಿ ಹಾಕುವಾಗ, ಕಾಲು ಮುರಿದಾಗ, ಕೊನೆ ಉಸಿರೆಳೆಯುವಾಗಲೂ ಬೆಕ್ಕು ಗುರುಗುಟ್ಟುತ್ತೆ. ಸದ್ದು ಬಿಟ್ಟು ಮುಖ ನೋಡಿ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ನೋವು ಅಳೆಯೋ ಒಂದು ಕೋಷ್ಟಕ ಕೊಟ್ಟರು. ಐದು ಅಂಶ, ಪ್ರತಿಯೊಂದಕ್ಕೂ ಸೊನ್ನೆಯಿಂದ 2 ಅಂಕ. ಕಿವಿ ಒಂದರಿಂದೊಂದು ದೂರ ಸರಿದು ಹೊರಕ್ಕೆ ತಿರುಗಿವೆಯಾ? ಕಣ್ಣು ಕಿರಿದಾಗಿದೆಯಾ? ಮೂತಿ ಬಿಗಿದು ದುಂಡಗಿನ ಆಕಾರ ಹೋಗಿದೆಯಾ? ಮೀಸೆ ಸಡಿಲವಾಗಿ ಬಾಗದೆ ಸೆಟೆದು ಮುಂದಕ್ಕೆ ಬಂದಿದೆಯಾ? ತಲೆ ಭುಜಕ್ಕಿಂತ ಕೆಳಗೆ ಬಿದ್ದಿದೆಯಾ? ಹತ್ತಕ್ಕೆ ನಾಲ್ಕು ಬಂದರೆ ಪಶುವೈದ್ಯರು ನೋವಿನ ಔಷಧಿ ಕೊಡೋ ಬಗ್ಗೆ ಯೋಚಿಸ್ತಾರೆ. ಮಲಗಿರೋ ಬೆಕ್ಕಿನಲ್ಲಿ ಇದನ್ನ ನೋಡಬಾರದು, ನಿದ್ದೆಗಣ್ಣು ಕಿರಿದಾಗೇ ಇರುತ್ತೆ. ಮನೆಯಲ್ಲಿರೋ ಪ್ಯಾರಾಸಿಟಮಾಲ್ ಅಂತೂ ಚೂರೂ ಕೊಡಬೇಡಿ, ಬೆಕ್ಕು ಸಾಯುತ್ತೆ.

ಇದರ ಉಲ್ಟಾ ತಪ್ಪೂ ಇದೆ. ಹೆಣ್ಣು ಬೆಕ್ಕು ನೆಲದಲ್ಲಿ ಹೊರಳಾಡಿ, ಹಿಂಭಾಗ ಎತ್ತಿ, ರಾತ್ರಿಯಿಡೀ ಕೂಗಿದರೆ ಹೊಟ್ಟೆನೋವು ಅಂತ ಗಾಬರಿಯಾಗ್ತಾರೆ. ಊಟ ಸರಿಯಾಗಿ ಮಾಡ್ತಿದ್ದರೆ ಅದು ಬಹುಮಟ್ಟಿಗೆ ಬೆದೆಗೆ ಬಂದಿರೋದು.

ಕಾಯಲೇಬಾರದ ಸಂದರ್ಭ ಒಂದಿದೆ. ಗಂಡು ಬೆಕ್ಕು ಮಣ್ಣಿನ ಟ್ರೇಗೆ ಹೋಗಿ ಕೂರೋದು, ಮುಕ್ಕಿರಿಯೋದು, ಏನೂ ಬರದೆ ಎದ್ದು ಬರೋದು, ಐದು ನಿಮಿಷಕ್ಕೆ ಮತ್ತೆ ಹೋಗೋದು, ಮಧ್ಯೆ ಜನನಾಂಗ ನೆಕ್ಕೋದು. ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸ್ತಾರೆ. ಮೊದಲು ಟ್ರೇಯ ಮಣ್ಣು ಒದ್ದೆಯಾಗಿದೆಯಾ ನೋಡಿ. ಒಣಗಿದ್ದರೆ ಮೂತ್ರನಾಳ ಕಟ್ಟಿದೆ ಅಂತಲೇ ಲೆಕ್ಕ. ಗಂಡಿನ ನಾಳ ಬಹಳ ಕಿರಿದು. ಮೂತ್ರದಲ್ಲಿ ಕಟ್ಟೋ ಹರಳಿನ ಪುಡಿ, ಲೋಳೆ ಸಿಕ್ಕಿಕೊಂಡರೆ ಒಂದೆರಡು ದಿನದಲ್ಲಿ ಜೀವ ಹೋಗಬಹುದು. ರಾತ್ರಿಯಾದರೂ ಸರಿ, ಆಗಲೇ ಹೊರಡಬೇಕು.

ಈಗ ಮೈಸೂರಿಗೆ ಬರೋಣ, ಅರಮನೆ ಸುತ್ತಮುತ್ತಲ ಮನೆಗಳಿಗೆ. ದಸರಾಕ್ಕೆ ಮೊದಲು ಆನೆ, ಕುದುರೆಗಳಿಗೆ ಸದ್ದು ರೂಢಿಯಾಗಲಿ ಅಂತ ಕುಶಾಲತೋಪಿನ ತಾಲೀಮು ನಡೆಸ್ತಾರೆ. ಬೆಕ್ಕಿಗೆ ಯಾರೂ ತಾಲೀಮು ಕೊಟ್ಟಿರಲ್ಲ. ವಿಜಯದಶಮಿ ದಿನ 21 ಸಲ ತೋಪು ಹಾರುತ್ತೆ, ಅದರ ಹಿಂದೆಯೇ ದೀಪಾವಳಿ ಪಟಾಕಿ. ಮುಂಚೆಯೇ ಅಟ್ಟದ ಮೇಲೋ ಮಂಚದ ಕೆಳಗೋ ಒಂದು ರಟ್ಟಿನ ಡಬ್ಬ ಇಟ್ಟು, ಅದು ದಿನಾ ಮಲಗೋ ಹಳೇ ಸೀರೆ ಹಾಸಿ. ಒಗೆಯದ ಸೀರೆಯೇ ಆಗಬೇಕು, ತನ್ನ ವಾಸನೆಯೇ ಅದಕ್ಕೆ ಧೈರ್ಯ. ಅವಿತುಕೊಂಡ ಬೆಕ್ಕನ್ನ ಕಾಲು ಹಿಡಿದು ಎಳೆಯಬೇಡಿ. ಸದ್ದಿಗೆ ಬೆಚ್ಚಿದ ಬೆಕ್ಕು ಆ ಸಿಟ್ಟನ್ನ ಹತ್ತಿರ ಇದ್ದವರ ಮೇಲೆ ತೀರಿಸಿಕೊಳ್ಳುತ್ತೆ, ಕೆಲವಕ್ಕೆ ಸಿಟ್ಟು ಇಳಿಯೋಕೆ ಗಂಟೆಗಟ್ಟಲೆ ಬೇಕು. ನೀರು, ಊಟ ಹತ್ತಿರ ಇಟ್ಟು ಬನ್ನಿ. ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ. ದಪ್ಪ ಬೆಕ್ಕು ಉಪವಾಸ ಬಿದ್ದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತೆ.

ಅದಾಗೇ ಇಳಿದು ಬಂದಾಗ ಬಾಲ ನೋಡಿ. ಇನ್ನೂ ಕೆಳಗೇ ಇದ್ದರೆ ಕರೆಯಬೇಡಿ, ದಾರಿ ಬಿಟ್ಟು ಗೋಡೆ ಕಡೆ ತಿರುಗಿ ಕೂತಿರಿ. ಹೊಸ್ತಿಲಲ್ಲಿ ನಿಂತು ಮೈ ಮುರಿದು, ಬಾಲ ಕೊಕ್ಕೆ ಮಾಡಿಕೊಂಡು ಬಂದು ಕಾಲಿಗೆ ಉಜ್ಜಿದರೆ ಆಗ ಬೆರಳು ಚಾಚಿ, ಮೂಗಿನ ಮಟ್ಟಕ್ಕೆ.