ಕೆಲಸ ಹೋಗುವ ಭಯ ಮನೆಯವರಿಗೂ ಗೊತ್ತಿರಲಿ

ನಮಸ್ಕಾರ. ಚಿಕ್ಕಮಗಳೂರಿನಿಂದ ಮಾತನಾಡುತ್ತಿದ್ದೇನೆ. ಹೊರಗೆ ಮಳೆ ಹಿಡಿದಿದೆ. ನಡುನಡುವೆ ಹಂಚಿನ ಸದ್ದು ಕೇಳಿಸಿದರೆ ಸಹಿಸಿಕೊಳ್ಳಿ.

ಇವತ್ತಿನ ಮಾತು ಕೆಲಸ ಹೋಗುವ ಭಯದ ಬಗ್ಗೆ. ಕೆಲಸ ಕಳೆದುಕೊಂಡವರ ಬಗ್ಗೆ ಅಲ್ಲ, ಇನ್ನೂ ಕೆಲಸದಲ್ಲಿದ್ದು ರಾತ್ರಿ ನಿದ್ದೆ ಬಾರದವರ ಬಗ್ಗೆ. ನಾನೂ ಅವರಲ್ಲಿ ಒಬ್ಬಳು. ಬೆಂಗಳೂರಿನ ದೊಡ್ಡ ಕಂಪನಿಯೊಂದಕ್ಕೆ ವಾರದಲ್ಲಿ ಕೆಲವು ದಿನ ಇಲ್ಲಿಂದಲೇ ಕೆಲಸ ಮಾಡುತ್ತೇನೆ, ಉಳಿದ ದಿನ ಅಲ್ಲಿಗೆ ಹೋಗುತ್ತೇನೆ. ಭಾನುವಾರ ರಾತ್ರಿ ನಮ್ಮ ಬಸ್ ನಿಲ್ದಾಣಕ್ಕೆ ಬಂದು ನೋಡಿ. ಬೆಂಗಳೂರಿಗೆ ಹೊರಟ ಬಸ್ಸಿನ ಮುಂದೆ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಲ್ಲಿ ಮನೆಯಿಂದ ಕಟ್ಟಿಕೊಟ್ಟ ಚಟ್ನಿಪುಡಿ ಹಿಡಿದು ನಿಂತವರೇ ಹೆಚ್ಚು. ಮೊದಲೆಲ್ಲ ಪರಸ್ಪರ ಕೇಳುತ್ತಿದ್ದದ್ದು 'ಈ ಸಲ ಎಷ್ಟು ಹೈಕ್ ಬಂತು?' ಈಗ 'ನಿಮ್ಮಲ್ಲಿ ಹೇಗಿದೆ?' ಉತ್ತರವೂ ಎಲ್ಲರದ್ದೂ ಒಂದೇ: 'ಸದ್ಯಕ್ಕೆ ಪರವಾಗಿಲ್ಲ.'

2025ರ ಜುಲೈನಲ್ಲಿ ಟಾಟಾದವರ ಐಟಿ ಕಂಪನಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇಕಡಾ 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅವರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಎಂದೂ ಹೇಳಿತು. ನಮ್ಮ ಕಡೆ ಟಾಟಾ ಕಂಪನಿಯ ಕೆಲಸ ಎಂದರೆ ಸರ್ಕಾರಿ ಕೆಲಸದ ಪಕ್ಕದಲ್ಲೇ ಕೂರಿಸಿ ಮಾತನಾಡುತ್ತಿದ್ದರು, ಹೆಣ್ಣು ಕೇಳಲು ಹೋದಾಗ ಬೇರೆ ಪ್ರಶ್ನೆಯೇ ಬರುತ್ತಿರಲಿಲ್ಲ. ಲೆಕ್ಕದಲ್ಲಿ ನೋಡಿದರೆ ನೂರಕ್ಕೆ ತೊಂಬತ್ತೆಂಟು ಜನ ಉಳಿದರು. ಆದರೆ ನಿದ್ದೆಗೆಟ್ಟವರು ನೂರಕ್ಕೆ ನೂರು. ಬೇರೆ ಕಂಪನಿಗಳಲ್ಲಿದ್ದ ನಾವೂ ಸೇರಿದರೆ ಲೆಕ್ಕ ಇನ್ನೂ ದೊಡ್ಡದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಭಯದಲ್ಲಿ ಅರ್ಧ ಪಾಲು ಕಂಪನಿಯಿಂದ ಬಂದದ್ದು, ಅದರ ಮೇಲೆ ನಮ್ಮ ಹಿಡಿತವಿಲ್ಲ. ಇನ್ನರ್ಧ ನಾವೇ ಗುಟ್ಟು ಮಾಡಿ ಬೆಳೆಸಿಕೊಂಡದ್ದು. ಮನೆಯಲ್ಲಿ ಗುಟ್ಟು, ಊರಿನಲ್ಲಿ ಗುಟ್ಟು, ಪಕ್ಕದ ಕುರ್ಚಿಯಲ್ಲಿ ಕೂರುವವನ ಹತ್ತಿರವೂ ಗುಟ್ಟು. ಇದರಿಂದ ಲಾಭವಾಗುವುದು ಕಂಪನಿಗೆ ಮಾತ್ರ.

ದೊಡ್ಡ ಕಂಪನಿ ಎಂದರೇನು, ಅದು ಹೋದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ಜಿಲ್ಲೆಗೆ ಐಟಿಯವರು ಬಂದು ಕಲಿಸಬೇಕಾಗಿರಲಿಲ್ಲ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿತು, ಕೇಂದ್ರ ಸರ್ಕಾರದ್ದು. ಗಣಿಗೆ ಹಣ ಕೊಟ್ಟು, ಅದಿರನ್ನೂ ತಾವೇ ಕೊಳ್ಳುತ್ತೇವೆ ಎಂದು ಒಪ್ಪಿದ್ದವರು ಇರಾನಿನ ದೊರೆ ಶಹಾ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಶಹಾ ಅವರೇ ದೇಶ ಬಿಡಬೇಕಾಯಿತು. ಗಿರಾಕಿಯೇ ಕೈಕೊಟ್ಟ ಗಣಿ ಬೇರೆ ದೇಶಗಳಿಗೆ ಅದಿರು ಮಾರಿ ಬದುಕಿಕೊಂಡಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಹರಿಸುತ್ತಿದ್ದರು. ಕಾಡಿನ ನಡುವೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ. ಅಲ್ಲಿ ಕೆಲಸ ಸಿಕ್ಕಿತೆಂದರೆ ಮುಗಿಯಿತು, ಇನ್ನು ನಿವೃತ್ತಿಯವರೆಗೆ ಯೋಚನೆಯಿಲ್ಲ ಎಂದು ಕಳಸ, ಮೂಡಿಗೆರೆಯವರು ನಂಬಿದ್ದರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್, 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕು ಎಂದಿತು. ನಿಂತಿತು. (ನಿಲ್ಲಿಸಿದ್ದು ಸರಿಯೇ ಎಂದು ಕೇಳಿದರೆ, ಸರಿ ಎನ್ನುವವರ ಪೈಕಿ ನಾನು. ಭದ್ರೆಯ ನೀರು ಕುಡಿಯುವ ಊರುಗಳು ಬಹಳ ಇವೆ. ಆ ಜಗಳ ಬೇರೆ ದಿನಕ್ಕಿರಲಿ.)

ಅಲ್ಲಿಯವರೆಲ್ಲ ಸುಖವಾಗಿ ಪಾರಾದರು ಎನ್ನುತ್ತಿಲ್ಲ. ಟೌನ್‌ಶಿಪ್ ಖಾಲಿಯಾಯಿತು, ಅಂಗಡಿಗಳು ಬಾಗಿಲು ಹಾಕಿದವು. ಆದರೆ ಆ ಕಷ್ಟಕ್ಕೆ ಒಂದು ದಿನಾಂಕವಿತ್ತು, ಮತ್ತು ಅದು ಎಲ್ಲರಿಗೂ ಗೊತ್ತಿತ್ತು. ಕಿರಾಣಿ ಅಂಗಡಿಯವನಿಗೆ, ಶಾಲೆಯ ಮೇಷ್ಟ್ರಿಗೆ, ಕ್ವಾರ್ಟರ್ಸಿನ ಮಕ್ಕಳಿಗೂ ಗೊತ್ತಿತ್ತು. ಮಂಗಳೂರಿಗೆ ವರ್ಗ ಕೇಳುವುದೋ, ಸ್ವಯಂ ನಿವೃತ್ತಿ ತೆಗೆದುಕೊಂಡು ಊರಿಗೆ ಹೋಗುವುದೋ ಎಂದು ಗಂಡ ಹೆಂಡತಿ ಬಾಯಿಬಿಟ್ಟು ಜಗಳವಾಡಬಹುದಿತ್ತು. ನಮಗೆ ದಿನಾಂಕವೂ ಇಲ್ಲ, ಜಗಳವೂ ಇಲ್ಲ. ಹದಿನೈದು ನಿಮಿಷದ ಒಂದು ಮೀಟಿಂಗ್, ವಿಷಯ ಏನೆಂದು ಬರೆದಿರುವುದಿಲ್ಲ, ಎಚ್‌ಆರ್‌ನವರೂ ಇರುತ್ತಾರೆ. ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪ್ ಪಾಸ್‌ವರ್ಡ್ ಒಪ್ಪುವುದಿಲ್ಲ.

ನನ್ನ ಚಿಕ್ಕಪ್ಪನ ಮಗ ಒಬ್ಬನಿದ್ದಾನೆ, ಹಾಸನದವನು. ಹೆಸರು ಬೇಡ. ಕಂಪನಿಯ ಹೆಸರಂತೂ ಬೇಡವೇ ಬೇಡ. ಅವನ ಪ್ರಾಜೆಕ್ಟ್ ಮುಗಿದು ಬೆಂಚ್ ಮೇಲೆ ಕೂರಿಸಿದ್ದರು, ಅಂದರೆ ಸಂಬಳವಿದೆ, ಕೈಯಲ್ಲಿ ಕೆಲಸವಿಲ್ಲ. ಮನೆಯಲ್ಲಿ ಹೇಳಲಿಲ್ಲ. ಅದೇ ಹೊತ್ತಿಗೆ ಚಿಕ್ಕಪ್ಪ ಮನೆಯ ಮೇಲೆ ಮೊದಲ ಮಹಡಿ ಕಟ್ಟಿಸಲು ಕೈಹಾಕಿದರು. ಮಗನ ಸಂಬಳ ಇದೆಯಲ್ಲ, ಬ್ಯಾಂಕಿನವರು ಸಾಲವನ್ನೂ ಹೆಚ್ಚಿಸಿಕೊಟ್ಟರು. ಮೋಲ್ಡ್ ಹಾಕುವ ದಿನ ನಾವೆಲ್ಲ ಹೋಗಿದ್ದೆವು. ಸೆಂಟ್ರಿಂಗ್ ಹಲಗೆಯ ಮೇಲೆ ಕಬ್ಬಿಣದ ಜಾಲರಿ ಹೆಣೆದಿತ್ತು, ಮಿಕ್ಸರ್ ಗಡಗಡ ಎನ್ನುತ್ತಿತ್ತು, ಚಿಕ್ಕಮ್ಮ ಕೆಲಸದವರಿಗೆ ಕೇಸರಿಬಾತ್ ಹಂಚುತ್ತಿದ್ದರು. ಚಿಕ್ಕಪ್ಪ ಮೇಲಿನಿಂದಲೇ ಕೂಗಿದರು, 'ಏನೋ, ಮೇಸ್ತ್ರಿಗೆ ಎರಡನೇ ಕಂತು ಹಾಕಿದೆಯಾ?' ಇವನು ಮೊಬೈಲ್ ತೆಗೆದು ಹಣ ಕಳುಹಿಸಿದ. ಹಿಂದಿನ ವಾರವೇ ಅವನ ಕೈಯಲ್ಲಿ ರಾಜೀನಾಮೆ ಬರೆಸಿಕೊಂಡಿದ್ದರು ಎನ್ನುವುದು ನಮಗೆ ತಿಳಿದದ್ದು ಗೌರಿ ಹಬ್ಬದ ಹೊತ್ತಿಗೆ. ಅಷ್ಟರಲ್ಲಿ ಕಿಟಕಿ, ಬಾಗಿಲು, ಟೈಲ್ಸ್‌ಗೆಲ್ಲ ಮುಂಗಡ ಹೋಗಿತ್ತು.

ಅವನು ಒಂದು ತಿಂಗಳು ಮೊದಲು ಬಾಯಿಬಿಟ್ಟಿದ್ದರೆ ಕೆಲಸ ಉಳಿಯುತ್ತಿರಲಿಲ್ಲ, ನಿಜ. ಇಷ್ಟು ಸಾಲವಂತೂ ಆಗುತ್ತಿರಲಿಲ್ಲ.

'ಹೇಳಿದರೆ ಅಪ್ಪನಿಗೆ ಬಿಪಿ ಏರುತ್ತದೆ, ಅಮ್ಮ ಊಟ ಬಿಡುತ್ತಾಳೆ' ಎನ್ನುತ್ತೀರಿ. ಗೊತ್ತು, ನಾನೂ ಹೀಗೇ ಯೋಚಿಸಿದವಳು. ಆದರೆ ಅನಿಶ್ಚಿತ ಆದಾಯದ ವಿಷಯದಲ್ಲಿ ನಮ್ಮ ಅಪ್ಪ ಅಮ್ಮಂದಿರು ನಮಗಿಂತ ಪಳಗಿದವರು. 1989ರ ಜುಲೈನಲ್ಲಿ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬೇಕೆಂದು ಗೊತ್ತುಮಾಡುತ್ತಿದ್ದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದು ಬೆಲೆ ನೆಲ ಕಚ್ಚಿದ್ದನ್ನು ಅವರು ಕಂಡಿದ್ದಾರೆ. ಆಮೇಲೆ ಕಾಫಿ ಮಂಡಳಿಯೇ ಎಲ್ಲರ ಬೆಳೆಯನ್ನೂ ಕೂಡಿಹಾಕಿ ಮಾರುವ ವ್ಯವಸ್ಥೆ ಹೋಯಿತು, ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಲೆ ಇನ್ನೊಮ್ಮೆ ಕುಸಿಯಿತು. ಬೆಲೆ ಬಿದ್ದ ವರ್ಷ ಮದುವೆ ಮುಂದೂಡಿದರು, ಜೀಪು ಮಾರಿದರು, ತೋಟದ ಸಾಲ ತಿರುಗಿಸಿ ಬರೆಸಿದರು. ತೋಟವಿಲ್ಲದ ಮನೆಗಳಲ್ಲಿ ಮಳೆ, ಆಲೂಗಡ್ಡೆಯ ಅಂಗಮಾರಿ ರೋಗ, ಶುಂಠಿಯ ಬೆಲೆ ಇದೇ ಪಾಠ ಕಲಿಸಿವೆ. ತಿಂಗಳ ಕೊನೆಗೆ ಸಂಬಳ ಬಂದೇ ಬರುತ್ತದೆ ಎಂದು ಗಟ್ಟಿಯಾಗಿ ನಂಬಿದ ಮೊದಲ ತಲೆಮಾರು ನಮ್ಮದು, ಅವರದ್ದಲ್ಲ. ಅವರನ್ನು ಕಾಪಾಡುತ್ತೇವೆ ಎಂದುಕೊಂಡು ನಾವು ಕಾಪಾಡುತ್ತಿರುವುದು ನಮ್ಮ ಮರ್ಯಾದೆಯನ್ನು. ಚಿಕ್ಕಪ್ಪನಿಗೆ ವಿಷಯ ತಿಳಿದಾಗ ಕೂಗಾಡಿದ್ದು ಒಂದೇ ಸಂಜೆ. ಮರುದಿನ ಮೇಸ್ತ್ರಿಯನ್ನು ಕರೆದು, 'ಮೇಲೆ ನೀರು ಇಳಿಯದ ಹಾಗೆ ಮಾಡಿಬಿಡು, ಉಳಿದದ್ದು ಆಮೇಲೆ ನೋಡೋಣ' ಎಂದು ನಿಲ್ಲಿಸಿದರು.

ಇನ್ನು ಆ ರಾಜೀನಾಮೆಯ ವಿಷಯ. ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ.

ಒಬ್ಬೊಬ್ಬರನ್ನೇ ಕೋಣೆಗೆ ಕರೆಯುತ್ತಾರೆ. 'ನೀವಾಗಿಯೇ ರಾಜೀನಾಮೆ ಕೊಟ್ಟರೆ ಕೆಲಸ ಬಿಟ್ಟದ್ದಕ್ಕೆ ಕೊಡುವ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತದೆ, ಇಲ್ಲವಾದರೆ ದಾಖಲೆ ಹಾಳಾಗುತ್ತದೆ, ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ' ಎನ್ನುತ್ತಾರೆ. 'ವೈಯಕ್ತಿಕ ಕಾರಣಗಳಿಂದ' ಎಂದು ಬರೆದ ಪತ್ರ ಸಿದ್ಧವಾಗಿರುತ್ತದೆ. ನಮ್ಮವನು ಅವಮಾನದಿಂದ ಬೇಗ ಹೊರಗೆ ಬಂದರೆ ಸಾಕೆಂದು ಸಹಿ ಹಾಕುತ್ತಾನೆ.

ಕಾನೂನು ಏನು ಹೇಳುತ್ತದೆ ಎಂದು ತಿಳಿದಿರಲಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಕೆಲಸ ಮಾಡಿದ ಕಾರ್ಮಿಕನನ್ನು ಕಂಪನಿ ತೆಗೆಯುವುದಾದರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡಬೇಕು, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಕೊಡಬೇಕು. ಇದು ಹಳೆಯ 1947ರ ಕಾಯ್ದೆಯಲ್ಲೂ ಇತ್ತು. ಹೊಸದಾಗಿ ಸೇರಿದ್ದು ಮರುಕೌಶಲ ನಿಧಿ: ತೆಗೆದುಹಾಕಿದ ಪ್ರತಿಯೊಬ್ಬ ಕಾರ್ಮಿಕನ ಲೆಕ್ಕದಲ್ಲಿ ಕಂಪನಿ ಇನ್ನೂ 15 ದಿನದ ಸಂಬಳ ಕಟ್ಟಬೇಕು, ಅದು ಕಾರ್ಮಿಕನಿಗೇ ಸೇರುತ್ತದೆ. ಕಳೆದುಕೊಂಡದ್ದೂ ಇದೆ. ಮುನ್ನೂರಕ್ಕಿಂತ ಕಡಿಮೆ ಜನರಿರುವ ಕಾರ್ಖಾನೆ ಈಗ ಸರ್ಕಾರದ ಅನುಮತಿ ಕೇಳದೆ ಜನರನ್ನು ತೆಗೆಯಬಹುದು. ಮೊದಲು ಈ ಮಿತಿ 100 ಇತ್ತು. ಹಾಸನದಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳಿಗೆ ಇದು ನಮಗಿಂತ ಹೆಚ್ಚು ತಟ್ಟುವ ವಿಷಯ, ಅದನ್ನು ಕುರಿತು ಯಾರೂ ಪಾಡ್‌ಕಾಸ್ಟ್ ಮಾಡುವುದಿಲ್ಲ.

ಮ್ಯಾನೇಜರ್ ಹುದ್ದೆಯವರಿಗೆ ಈ ರಕ್ಷಣೆ ಇಲ್ಲ. ಆದರೆ ಕಾರ್ಡಿನ ಮೇಲೆ ಮ್ಯಾನೇಜರ್ ಎಂದು ಅಚ್ಚಾದ ಮಾತ್ರಕ್ಕೆ ಮುಗಿಯುವುದಿಲ್ಲ, ನೀವು ದಿನವೂ ನಿಜವಾಗಿ ಮಾಡುತ್ತಿದ್ದ ಕೆಲಸ ಏನು ಎಂಬುದನ್ನು ನೋಡುತ್ತಾರೆ. ಅದನ್ನು ವಕೀಲರ ಹತ್ತಿರ ಅಥವಾ ಕಾರ್ಮಿಕ ಇಲಾಖೆಯಲ್ಲಿ ಕೇಳಿ. ಕರ್ನಾಟಕದಲ್ಲಿ ಐಟಿ ನೌಕರರಿಗೆ 2017ರಿಂದ ಕಿಟು ಎಂಬ ಸಂಘವೂ ಇದೆ. ಸಂಘ ಎಂದ ಕೂಡಲೇ ಮುಖ ಸಿಂಡರಿಸುವ ಗೆಳೆಯರು ನನಗೂ ಇದ್ದಾರೆ. ಕೋಣೆಗೆ ಕರೆಯುವವರೆಗೂ ಅವರು ಸಿಂಡರಿಸುತ್ತಿರುತ್ತಾರೆ.

ನೀವು ರಾಜೀನಾಮೆ ಬರೆದುಕೊಟ್ಟ ಕ್ಷಣ ಇದೆಲ್ಲ ಕೈತಪ್ಪುತ್ತದೆ. ಕಂಪನಿ ಯಾರನ್ನೂ ತೆಗೆದೇ ಇಲ್ಲ, ನೀವೇ ಬಿಟ್ಟಿರಿ. ಆದ್ದರಿಂದ ಆ ದಿನ ಸಹಿ ಬೇಡ. 'ಓದಿ ನೋಡಬೇಕು, ದಯವಿಟ್ಟು ಇಮೇಲ್ ಮಾಡಿ' ಎಂದು ಎದ್ದು ಬನ್ನಿ. ಅಷ್ಟು ಹೇಳುವುದಕ್ಕೆ ಧೈರ್ಯ ಬೇಕಿಲ್ಲ, ಮೊದಲೇ ಒಂದೆರಡು ಸಲ ಬಾಯಿಪಾಠ ಮಾಡಿಕೊಂಡಿರಬೇಕು ಅಷ್ಟೇ. ಒಂದು ಸಮಾಧಾನವೆಂದರೆ, ಐದು ವರ್ಷ ಪೂರೈಸಿದ್ದರೆ ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊನೆಗೆ ಕೊಡುವ ಹಣ, ರಾಜೀನಾಮೆ ಕೊಟ್ಟರೂ ಸಿಗುತ್ತದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 40 ಸಾವಿರ, ಸೇವೆ ಎಂಟು ವರ್ಷ ಎಂದುಕೊಳ್ಳಿ. 40 ಸಾವಿರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಎಂಟರಿಂದ ಗುಣಿಸಿದರೆ 1 ಲಕ್ಷ 84 ಸಾವಿರದ ಚಿಲ್ಲರೆ. ನಿಮ್ಮ ಲೆಕ್ಕವನ್ನು ಇವತ್ತು ರಾತ್ರಿಯೇ ಮಾಡಿ. ಕೈಗೆ ಎಷ್ಟು ಬರುತ್ತದೆ, ಎಷ್ಟು ತಿಂಗಳು ಸಾಲದ ಕಂತು ತೀರುತ್ತದೆ ಎಂದು ಕಾಗದದ ಮೇಲೆ ಕಂಡರೆ, ಎದೆಯ ಮೇಲಿನ ಭಾರ ಪೂರ್ತಿ ಇಳಿಯದಿದ್ದರೂ ಅದರ ತೂಕ ಎಷ್ಟೆಂದಾದರೂ ತಿಳಿಯುತ್ತದೆ.

ಆರೋಗ್ಯ ವಿಮೆಯ ಬಗ್ಗೆ ಚಿಕ್ಕದಾಗಿ. ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಹೋಗುತ್ತದೆ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದರೆ, ಹೊಸ ವಿಮೆಯಲ್ಲಿ ಹಳೆಯ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಆ ಕಾಯುವಿಕೆಯನ್ನು ಸಂಬಳ ಬರುತ್ತಿರುವಾಗಲೇ ಶುರುಮಾಡಿ.

ಭಯಕ್ಕೆ ಮದ್ದು ಎಂದು ಮ್ಯಾನೇಜರ್‌ಗಳು ಹೇಳುವ 'ಹೆಚ್ಚು ಕೆಲಸ ಮಾಡಿ ಎದ್ದುಕಾಣಿ' ಎಂಬ ಮಾತನ್ನು ನಾನು ನಂಬುವುದಿಲ್ಲ. ಯಾರನ್ನು ತೆಗೆಯಬೇಕೆಂಬ ಪಟ್ಟಿ ಸಿದ್ಧವಾಗುವುದು ಪ್ರಾಜೆಕ್ಟ್, ಸಂಬಳ, ಹುದ್ದೆಗಳ ಲೆಕ್ಕದಲ್ಲಿ. ರಾತ್ರಿ ಹನ್ನೊಂದಕ್ಕೆ ನೀವು ಕಳುಹಿಸಿದ ಇಮೇಲ್ ಅದನ್ನು ಮಾಡುವವರ ಕಣ್ಣಿಗೂ ಬೀಳುವುದಿಲ್ಲ. ಒಳ್ಳೆಯ ಕೆಲಸ ಮಾಡಿ, ಬೇಡ ಎನ್ನುವುದಿಲ್ಲ. ಆದರೆ ಆ ಹನ್ನೊಂದು ಗಂಟೆಯ ಇಮೇಲಿನ ಹೊತ್ತನ್ನು ರೆಸ್ಯೂಮೆ ಸರಿಮಾಡುವುದಕ್ಕೆ ಕೊಡಿ.

ಕೊನೆಗೆ, ಉಳಿದುಕೊಂಡ ನಮ್ಮ ಬಗ್ಗೆ. ತಂಡದಲ್ಲಿ ಒಬ್ಬರು ಹೋದ ಮೇಲೆ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಿಂದ ಅವರು ಹೊರನಡೆದ ಸಾಲು ಕಾಣುತ್ತದೆ, ಅದರ ಕೆಳಗೆ ಇನ್ನೊಬ್ಬರು ಹುಟ್ಟುಹಬ್ಬದ ಶುಭಾಶಯ ಹಾಕುತ್ತಾರೆ. ಫೋನ್ ಮಾಡಿದರೆ ಏನು ಮಾತನಾಡುವುದು ಎಂಬ ಮುಜುಗರ, ಅಂಟುರೋಗದ ಹಾಗೆ ನಮಗೂ ತಗಲೀತು ಎಂಬ ಅಳುಕು. ಫೋನ್ ಮಾಡಿ. 'ಎಲ್ಲ ಒಳ್ಳೆಯದಕ್ಕೇ' ಎಂದು ದಯವಿಟ್ಟು ಹೇಳಬೇಡಿ. ಕೋಣೆಯಲ್ಲಿ ಏನು ಹೇಳಿದರು, ಯಾವ ಕಾಗದ ಕೊಟ್ಟರು, ಬಾಕಿ ಹಣ ಬಂತೇ ಎಂದು ಕೇಳಿ. ನಾಳೆ ನಿಮ್ಮನ್ನು ಕರೆದರೆ ಉಪಯೋಗಕ್ಕೆ ಬರುವ ಮಾಹಿತಿ ಅದು, ಬೇರೆ ಎಲ್ಲೂ ಸಿಗುವುದಿಲ್ಲ. ಆಮೇಲೆ ರೆಸ್ಯೂಮೆ ತರಿಸಿಕೊಂಡು ಬೇರೆ ಕಂಪನಿಯಲ್ಲಿರುವ ನಿಮ್ಮ ಗೆಳೆಯರಿಗೆ ಕಳುಹಿಸಿ, ತಮ್ಮ ಕಂಪನಿಗೆ ಶಿಫಾರಸು ಮಾಡಿ ರೆಫರಲ್ ಹಾಕಲಿ. ಅದಕ್ಕಾಗಿ ಆ ಗೆಳೆಯರಿಗೆ ಬೋನಸ್ ಬಂದರೆ ಅದರಲ್ಲಿ ನಿಮ್ಮಿಬ್ಬರಿಗೂ ಒಂದು ಊಟ ವಸೂಲು ಮಾಡುವುದನ್ನು ಮರೆಯಬೇಡಿ.