ಸಾಟಾ ಟೂ ಬೋರ್ಡಿಗೆ ಎಸ್‌ಎಸ್‌ಡಿ ದಂಡ ಅಂತ ಯಾರ್ರೀ ಹೇಳಿದ್ದು?

ತೀರ್ಥಹಳ್ಳಿ, ಸಾಗರ, ಹೊಸನಗರ ಕಡೆ ಮಂಡಿ, ಸೊಸೈಟಿಗಳಲ್ಲಿ ಇಂಟೆಲ್ ಜಿ31, ಜಿ41 ಚಿಪ್‌ಸೆಟ್ಟಿನ ಹಳೇ ಮದರ್‌ಬೋರ್ಡ್ ಇರೋ ಡೆಸ್ಕ್‌ಟಾಪ್‌ಗಳು ಇವತ್ತಿಗೂ ಟ್ಯಾಲಿ ಓಡಿಸ್ತಿವೆ. ನಿಧಾನ ಆಯ್ತು ಅಂದ್ರೆ ಸಿಗೋ ಉತ್ತರ ಒಂದೇ: "ಬೋರ್ಡ್ ಹಳೇದು, ಬಸ್ ಸ್ಪೀಡ್ ಇಲ್ಲ, ಎಸ್‌ಎಸ್‌ಡಿ ಹಾಕಿದ್ರೂ ದಂಡ." ಬಸ್ ಅಂದ್ರೆ ಡಿಸ್ಕಿಂದ ಬೋರ್ಡಿಗೆ ಡೇಟಾ ಸಾಗೋ ದಾರಿ; ಎಸ್‌ಎಸ್‌ಡಿ ಅಂದ್ರೆ ತಿರುಗೋ ತಟ್ಟೆ ಇಲ್ಲದೆ ಚಿಪ್ಪಲ್ಲೇ ಡೇಟಾ ಇಡೋ ಡ್ರೈವ್. ಈ ಮಾತು ನಾನಂತೂ ಒಪ್ಪಲ್ಲ.

ಲೆಕ್ಕ ಹಾಕೋಣ. ಈ ಬೋರ್ಡುಗಳಲ್ಲಿ ಡಿಸ್ಕ್ ಸಿಕ್ಕಿಸೋ ಪೋರ್ಟ್ ಸಾಟಾ ಟೂ, ಸೆಕೆಂಡಿಗೆ 300 ಎಂಬಿ ಸಾಗಿಸುತ್ತೆ. 7200 ಆರ್‌ಪಿಎಂ (ನಿಮಿಷಕ್ಕೆ 7200 ಸುತ್ತು) ಹಾರ್ಡ್ ಡಿಸ್ಕ್ ಒಂದು ಸುತ್ತಿಗೆ ತಗೊಳ್ಳೋದು 8.3 ಮಿಲಿಸೆಕೆಂಡು. ಬೇಕಾದ ಜಾಗ ಡೇಟಾ ಓದೋ ಹೆಡ್ಡಿನ ಕೆಳಗೆ ಬರೋಕೆ ಸರಾಸರಿ ಅರ್ಧ ಸುತ್ತು ಕಾಯಬೇಕು. ಹೆಡ್ಡು ಸರಿಯೋಕೆ ಇನ್ನೊಂದು 8–9. ಒಂದು ಓದಿಗೆ ಹತ್ತಿರ ಹತ್ತಿರ 13 ಮಿಲಿಸೆಕೆಂಡು, ಅಂದ್ರೆ ಸೆಕೆಂಡಿಗೆ 75–80 ಸಲ. ಒಂದೊಂದು 4 ಕೆಬಿ ಚೂರಾದ್ರೆ ಒಟ್ಟು ಬಂದಿದ್ದು 300 ಕೆಬಿ! ಎಂಬಿ ಅಲ್ಲ ಮಾರಾಯ್ರೆ, ಕೆಬಿ. ವಿಂಡೋಸ್ ಏಳೋ ಹೊತ್ತಲ್ಲಿ ನಡೆಯೋದು ಬಹುಪಾಲು ಇಂಥ ಚೂರುಪಾರು ಓದೇ. ಬಸ್ ಖಾಲಿ ಬಿದ್ದಿರುತ್ತೆ. ಅದೇ ಪೋರ್ಟಿಗೆ ಸಾಧಾರಣ ಎಸ್‌ಎಸ್‌ಡಿ ಹಾಕಿ, ಇದೇ ಕೆಲಸಕ್ಕೆ 20 ಎಂಬಿ ಆಸುಪಾಸು ಕೊಡುತ್ತೆ.

ಇನ್ನು ಕೆಲವರು "ಸಾಟಾ ತ್ರೀ ಕಾರ್ಡ್ ಹಾಕ್ಸಿ" ಅಂತಾರೆ, ಅಂದ್ರೆ ಇನ್ನೂ ವೇಗದ ಪೋರ್ಟ್ ಇರೋ ಕಾರ್ಡು. ಐಸಿಎಚ್7 ಚಿಪ್ (ಡಿಸ್ಕ್ ಪೋರ್ಟ್, ಸ್ಲಾಟ್ ನೋಡ್ಕೊಳ್ಳೋದು) ಇರೋ ಬೋರ್ಡಲ್ಲಿ ಆ ಕಾರ್ಡ್ ಕೂರೋ ಚಿಕ್ಕ ಪಿಸಿಐಇ ಸ್ಲಾಟ್ ಮೊದಲನೇ ತಲೆಮಾರಿನದು, ಮಿತಿ 250 ಎಂಬಿ. ದುಡ್ಡು ಕೊಟ್ಟು 300ರಿಂದ ಕೆಳಗಿಳಿದ ಹಾಗಾಯ್ತು! ಹಳೇ ಪಿಸಿಐ ಸ್ಲಾಟ್ ಅಂತೂ ಬೇಡವೇ ಬೇಡ. ಅಲ್ಲಿ ಕಾಗದದ ಮೇಲೇ 133, ಅದನ್ನೂ ಪಕ್ಕದ ಪಿಸಿಐ ಕಾರ್ಡುಗಳ ಜೊತೆ ಹಂಚ್ಕೋಬೇಕು.

ಐಸಿಎಚ್7ನಲ್ಲಿ ಎಎಚ್‌ಸಿಐ (ಸಾಟಾ ಡಿಸ್ಕ್ ನಡೆಸೋ ಹೊಸ ಮೋಡ್) ಹುಡುಕಿ ಬಯಾಸ್ ಕೆದಕಬೇಡಿ, ಅದರಲ್ಲಿ ಇಲ್ಲ. ಹಳೇ ಐಡಿಇ ಮೋಡಲ್ಲೇ ಇರಲಿ. ವಿಂಡೋಸ್ 7 ಇಂದ ಮುಂದೆ ಟ್ರಿಮ್ (ಅಳಿಸಿದ ಜಾಗ ಯಾವುದು ಅಂತ ಎಸ್‌ಎಸ್‌ಡಿಗೆ ತಿಳಿಸೋ ಆದೇಶ) ಅಲ್ಲೂ ಕೆಲಸ ಮಾಡುತ್ತೆ.

ವಿಂಡೋಸ್ ಎಕ್ಸ್‌ಪಿ ಇನ್ನೂ ಇಟ್ಕೊಂಡಿದ್ರೆ ಒಂದು ಬೇರೆ ಕಾಟ. ಕೇಬಲ್‌ನಲ್ಲಿ ಎರರ್ ಮೇಲೆ ಎರರ್ ಬಂದ್ರೆ ಎಕ್ಸ್‌ಪಿ ಡಿಎಂಎ (ಪ್ರೊಸೆಸರ್ ನಡುವೆ ಬರದೆ ಡೇಟಾ ಸಾಗೋ ವೇಗದ ರೀತಿ) ಬಿಟ್ಟು ಪಿಐಒಗೆ (ಪ್ರೊಸೆಸರೇ ಹೊರೋ ನಿಧಾನದ ರೀತಿ) ಇಳಿಯುತ್ತೆ, ಹೆಚ್ಚಂದ್ರೆ 16.6 ಎಂಬಿ. ಡಿವೈಸ್ ಮ್ಯಾನೇಜರಲ್ಲಿ ಆ ಐಡಿಇ ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಡಿ.

ಕೇಬಲ್ ವಿಷಯ ನಮ್ಮ ಮಳೆಗಾಲಕ್ಕೆ ಜಾಸ್ತಿ ಮುಖ್ಯ. ಥಂಡಿಗೆ ಕನೆಕ್ಟರ್ ಕಿಲುಬು ಹಿಡಿಯುತ್ತೆ. ಡಿಸ್ಕಿನ ಆರೋಗ್ಯ ತೋರಿಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರ್ ತೆಗೆದು ಸಿ7 ಸಾಲು ನೋಡಿ, ಸಿಆರ್‌ಸಿ ಎರರ್ (ದಾರಿಯಲ್ಲಿ ಡೇಟಾ ಕೆಟ್ಟಿದ್ದು) ಎಣಿಕೆ ಅದು. ಅಂಕಿ ಸೊನ್ನೆಗೆ ಇಳಿಯಲ್ಲ; ಏರ್ತಾ ಇದೆಯಾ ಅಷ್ಟೇ ನೋಡಿ. ಏರ್ತಿದ್ರೆ ಮೊದಲು ಕೇಬಲ್ ಬದಲಿಸಿ, ಆಮೇಲೆ ಪೋರ್ಟ್. ಎರಡೂ ಬದಲಿಸಿದ್ರೂ ನಿಲ್ಲದೇ ಇದ್ರೆ ಎಸ್‌ಎಂಪಿಎಸ್ (ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಿ) ಚೆಕ್ ಮಾಡ್ಸಿ.